ಹಾಲು ಮೊದಲೋ, ಪಾಲು ಮೊದಲೋ?

ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರಿಂದ ಹತ್ತನೇ ತರಗತಿಯ ಹುಡುಗಿಯೊಬ್ಬಳು ನಮ್ಮ ಪತ್ರಿಕೆಗೆ ನಾಲ್ಕು ಪುಟದ ಕಾಗದ ಬರೆದಿದ್ದಾಳೆ. ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಕಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಜ್ಜಿಯ ಮಾತು ಕೇಳುತ್ತಾ ಎರಡೂ ಭಾಷೆಯ ಪದಗಳನ್ನು ನೋಟ್‌ಬುಕ್ಕಿನಲ್ಲಿ ಜೋಡಿ ಮಾಡಿಟ್ಟಿದ್ದಾಳೆ. ಹಾಲು–ಪಾಲು, ಹುಲಿ–ಪುಲಿ, ಹೂವು–ಪುವ್ವು, ಹಣ್ಣು–ಪಂಡು, ಹುಣ್ಣಿಮೆ–ಪುನ್ನಮಿ. 'ನಮ್ಮ ಹ ಅನ್ನು ತೆಲುಗಿನವರು ಪ ಮಾಡಿಕೊಂಡಿದ್ದಾರೆ. ಇದನ್ನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಆವತ್ತಿಂದ ಎಲ್ಲರೂ ಪಂಡಿತಮ್ಮ ಅಂತ ಕರೀತಾರೆ. ಇದರಿಂದ ಹೊಟ್ಟೆ ತುಂಬಲ್ಲ, ಪಿಯುಸಿಗೆ ಸೈನ್ಸ್ ತಗೋ ಅಂತಾರೆ ಅಪ್ಪ. ಇದನ್ನೆಲ್ಲ ಬಿಟ್ಟುಬಿಡಲಾ ಸರ್?' ಅಂತ ಅವಳ ಪ್ರಶ್ನೆ.

ಏಕವಚನದಲ್ಲೇ ಮಾತಾಡಿಸ್ತೀನಿ ಕಣಮ್ಮ, ನನ್ನ ಮೊಮ್ಮಗಳ ವಯಸ್ಸು ನಿನಗೆ.

ಅಪ್ಪನ ಮಾತಿಗೆ ನಾನು ಅಡ್ಡ ಬರಲ್ಲ. ಸೈನ್ಸ್ ತಗೊಂಡರೆ ನೋಟ್‌ಬುಕ್ಕನ್ನು ಯಾರೂ ಕಿತ್ತುಕೊಳ್ಳಲ್ಲ. ನಿಮ್ಮ ಜಿಲ್ಲೆಯದೇ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಮೈಸೂರು ಸರ್ಕಾರದಲ್ಲಿ ಅಧಿಕಾರಿಯಾಗಿದ್ದುಕೊಂಡೇ ಕನ್ನಡದಲ್ಲಿ ಕಥೆ ಬರೆದರು. 1983ರಲ್ಲಿ ಜ್ಞಾನಪೀಠವೂ ಬಂತು. ಪಂಡಿತಮ್ಮ ಅನ್ನೋದೂ ಅಂಥ ಕೆಟ್ಟ ಬೈಗುಳವೇನಲ್ಲ ಬಿಡು.

ನನಗೆ ಮಾತಾಡಬೇಕಿರೋದು ನಿನ್ನ ಬೋರ್ಡಿನ ಬಗ್ಗೆ.

ಯಾವ ಪುಸ್ತಕವೂ ಇಲ್ಲದೆ, ಅಡುಗೆಮನೆಯಲ್ಲಿ ಕೂತು, ಹ ಇದ್ದ ಕಡೆ ಪ ಬರುತ್ತೆ ಅಂತ ನೀನೇ ಕಂಡುಕೊಂಡಿದ್ದೀಯ. ಅದನ್ನು ಓದಿ ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಬಂದೆ. ಆದರೆ ಬದಲಾದವರು ತೆಲುಗಿನವರಲ್ಲ, ನಾವು. ಹಳಗನ್ನಡದಲ್ಲೂ ಹಾಲು ಪಾಲ್ ಆಗಿತ್ತು, ಹುಲಿ ಪುಲಿಯಾಗಿತ್ತು, ಹೂವು ಪೂ ಆಗಿತ್ತು. 10ನೇ ಶತಮಾನದ ಪಂಪ ಬರೆದದ್ದು ಹಾಗೇ. ಆಮೇಲಿನ ಕೆಲವು ಶತಮಾನಗಳಲ್ಲಿ ಕನ್ನಡದ ಬಾಯಲ್ಲಿ ಪ ಸವೆದು ಹ ಆಯ್ತು. ತೆಲುಗು, ತಮಿಳು ಎರಡೂ ಹಳೇ ಪ ಉಳಿಸಿಕೊಂಡವು. ಅಂದರೆ ನಿಮ್ಮಜ್ಜಿ ಪಾಲು ಅಂದಾಗ ಕೇಳಿಸೋದು ನಮ್ಮ ಪಂಪನ ಕಾಲದ ಸದ್ದೇ.

ನಂಬಿಕೆ ಬರಲ್ವಾ? ನಿನ್ನ ಪಟ್ಟಿಯಲ್ಲೇ ಸಾಕ್ಷಿ ಇದೆ. ಹುಣ್ಣಿಮೆಯ ಮೂಲ ಸಂಸ್ಕೃತದ ಪೂರ್ಣಿಮಾ. ಅಲ್ಲಿ ಇರೋದು ಪ. ಹಾಗಾದರೆ ಅದನ್ನು ಹ ಮಾಡಿದ್ದು ಯಾರು? ಇನ್ನೊಂದು. ಹಲ್ಮಿಡಿ ಶಾಸನದ ಬಗ್ಗೆ ಶಾಲೆಯಲ್ಲಿ ಓದಿರ್ತೀಯ. ಸುಮಾರು ಕ್ರಿ.ಶ. 450ರದ್ದು. ಆ ಕಲ್ಲಿನಲ್ಲಿ ಊರಿನ ಹೆಸರು ಹಲ್ಮಿಡಿ ಅಂತ ಇಲ್ಲ, ಪಲ್ಮಡಿ ಅಂತಿದೆ! ಅಷ್ಟು ದೂರ ಯಾಕೆ, ಬಸ್ ಬೋರ್ಡು ನೋಡು. ನಮ್ಮ ಕಡೆ ಊರೂರೂ ಹಳ್ಳಿ. ಬಾಗೇಪಲ್ಲಿಯಂಥ ಕೆಲವು ಕಡೆ ಪಲ್ಲಿ.

ಹಾಗಾಗಿ ಬಿಡೋದು ಆಮೇಲಿನ ಮಾತು. ಮೊದಲು ಅದೇ ಬೋರ್ಡಿನ ಹತ್ತಿರ ಇನ್ನೊಂದು ಸಲ ಹೋಗಿ 'ಮೊನ್ನೆ ಉಲ್ಟಾ ಹೇಳಿದ್ದೆ' ಅನ್ನಬೇಕು. ನಗ್ತಾರೆ. ಒಂದು ವಾರ ಜಾಸ್ತಿನೇ ನಗ್ತಾರೆ.

ನನಗೂ ಆ ರುಚಿ ಗೊತ್ತು. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೆರೆ ಏರಿಯ ಮೇಲಿನ ಒಂದು ಕಲ್ಲನ್ನು ಮಾಸ್ತಿಕಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು, ಅಂತ ಬರೆದಿದ್ದೆ. ಹದಿನೈದು ದಿನಕ್ಕೆ ಒಂದು ಪೋಸ್ಟ್‌ಕಾರ್ಡ್ ಬಂತು. 'ಸ್ವಾಮಿ, ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ಕೈ ಮೇಲೆತ್ತಿರುತ್ತೆ. ಇಲ್ಲಿರೋದು ಕತ್ತಿ ಹಿಡಿದ ಗಂಡಸು, ಕಾಲ ಹತ್ತಿರ ದನ. ದನ ಬಿಡಿಸಲು ಹೋಗಿ ಸತ್ತವನ ವೀರಗಲ್ಲು. ತಾವು ಬಂದು ನೋಡಿದ್ದೀರೋ?' ನೋಡಿರಲಿಲ್ಲ. ಯಾರೋ ಹೇಳಿದ್ದನ್ನು ಸುಮ್ನೆ ಬರೆದಿದ್ದೆ. ಮುಂದಿನ ಸಂಚಿಕೆಯಲ್ಲಿ ಎರಡು ಸಾಲು ತಿದ್ದುಪಡಿ ಹಾಕಿದೆವು, ಜಾಹೀರಾತಿನ ಕೆಳಗೆ, ಯಾರಿಗೂ ಕಾಣದ ಹಾಗೆ. ಆ ಜಾಗ ನೆನೆದರೆ ಈಗಲೂ ನಾಚಿಕೆ. ನೀನು ಹಾಗೆ ಮೂಲೆಯಲ್ಲಿ ಬರೀಬೇಡ, ಮಧ್ಯದಲ್ಲೇ ಬರಿ.

ಕಾಗದದ ಕೊನೆಯಲ್ಲಿ ಇನ್ನೊಂದು ಸಾಲು ಇದೆ: 'ಕೋಲಾರದ ಹಳೇ ಶಾಸನಗಳೆಲ್ಲ ಕನ್ನಡದವೇ.' ಇದನ್ನೂ ಕ್ಲಾಸಿನಲ್ಲಿ ಹೇಳಿದ್ದೀಯಾ? ಕೋಲಾರಮ್ಮನ ಗುಡಿಗೆ ಹೋದಾಗ ಗೋಡೆ ನೋಡು. ಚೋಳರ ಕಾಲದ ತಮಿಳು ಶಾಸನಗಳಿವೆ. ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಸಾಹೇಬರು 1905ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದೇ. ಅದರಲ್ಲಿ ಕನ್ನಡದ ಜೊತೆಗೆ ತಮಿಳಿನವೂ ಇವೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಅನ್ನೋದು ನಮ್ಮ ಸೀಮೆಗೆ ಹೊಸದಲ್ಲ ಕಣಮ್ಮ. ರಜೆಯಲ್ಲಿ ಆವಣಿಗೂ ಹೋಗು. ನೊಳಂಬ ಅರಸರ ಕಾಲದ ಗುಡಿಗಳು, ನಿಮ್ಮ ತಾಲ್ಲೂಕೇ. ಓದೋಕೆ ಬರದಿದ್ದರೂ ಪರವಾಗಿಲ್ಲ, ಅಕ್ಷರಗಳನ್ನು ಇದ್ದ ಹಾಗೇ ಬರೆದುಕೊಂಡು ಬಾ.

ಪಟ್ಟಿಯಲ್ಲಿ ಹುಣಸೆಹಣ್ಣು ಬರೆದು ಗೀಟು ಹಾಕಿದ್ದೀಯ. ಅಜ್ಜಿ ಚಿಂತಪಂಡು ಅಂದರು, ಹೊಂದಲಿಲ್ಲ ಅಂತ ತಾನೇ? ಅರ್ಧ ಹೊಂದಿದೆಯಲ್ಲ, ಹಣ್ಣು–ಪಂಡು! ಗೀಟು ಅಳಿಸು. ಹೊಂದದೆ ಉಳಿದ ಇನ್ನರ್ಧಕ್ಕೆ ಬೇರೆ ಪುಟ ಮಾಡು. ನನಗೆ ಆ ಪುಟದ ಮೇಲೇ ಕಣ್ಣು.

ಪರೀಕ್ಷೆ ಮುಗಿದ ಮೇಲೆ ಪೂರ್ತಿ ಪಟ್ಟಿ ಕಳಿಸು, ಒಂದು ಪುಟ ಇಟ್ಟಿರ್ತೀನಿ. ಆವಾಗ ನಿನ್ನ ಹೆಸರು ಹಾಕಲೇಬೇಕು. ಕೆಳಗೆ 'ಪದ ಹೇಳಿದವರು' ಅಂತ ಅಜ್ಜಿಯ ಹೆಸರೂ ಇರಲಿ. ಅವರಿಗೆ ಓದೋಕೆ ಬರಲ್ಲ ಅಂತ ಬರೆದಿದ್ದೀಯ. ನೀನೇ ಓದಿ ಹೇಳು, ತೆಲುಗಿನಲ್ಲಿ.

— ಸಂ.