ಎರೆಯಲ್ಲೇ ನೀರು ಬೇಗ ಇಂಗಿತಲ್ಲ, ಯಾಕೆ?

ಪ್ರಶ್ನೆ: ಕುಷ್ಟಗಿ ಹತ್ತಿರ ನಮ್ಮದು 6 ಎಕರೆ ಹೊಲ. ಅರ್ಧ ಎರೆ (ಕಪ್ಪು ಮಣ್ಣು), ಅರ್ಧ ಮಸಾರಿ (ಕೆಂಪು ಮಣ್ಣು). ನೀರು ಎಷ್ಟು ಇಂಗುತ್ತದೆ ನೋಡೋಣ ಅಂತ ಮೇ ತಿಂಗಳಲ್ಲಿ ಎಣ್ಣೆ ಡಬ್ಬಿಯ ತಳ ಕತ್ತರಿಸಿ, ಎರಡೂ ಕಡೆ ಊರಿ ನೀರು ಸುರಿದೆ. ಮಸಾರಿಯಲ್ಲಿ ನಿಧಾನ. ಎರೆಯಲ್ಲಿ ನಾಲ್ಕೇ ನಿಮಿಷಕ್ಕೆ ಡಬ್ಬಿ ಖಾಲಿ! ಎಲ್ಲರೂ ಹೇಳೋದು ಇದರ ಉಲ್ಟಾ ಅಲ್ವಾ? ಎಲ್ಲಿ ತಪ್ಪಿತು?
– ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ನೀವು ಕಂಡದ್ದು ಸುಳ್ಳಲ್ಲ, ಆದರೆ ಬೇಗ ಎದ್ದು ಬಂದುಬಿಟ್ಟಿರಿ. ಮೇ ತಿಂಗಳ ಎರೆ ಹೊಲದ ಬಿರುಕಿಗೆ ಕೈ ಹಾಕಿದರೆ ಮೊಣಕೈವರೆಗೂ ಇಳಿಯುತ್ತದೆ. ನಿಮ್ಮ ನೀರು ಮಣ್ಣಿಗೆ ಇಂಗಲಿಲ್ಲ, ಬಿರುಕಿಗೆ ಬಿತ್ತು. ಅದೇ ಜಾಗಕ್ಕೆ ನೀರು ಹಾಕುತ್ತಲೇ ಇದ್ದರೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಆಮೇಲೆ ಗಂಟೆಗೆ 1ರಿಂದ 5 ಮಿಲಿಮೀಟರ್ ಇಳಿದರೆ ಜಾಸ್ತಿ. ಮರಳು ಮಿಶ್ರಿತ ಮಸಾರಿಯಲ್ಲಿ ಇದು 20ರಿಂದ 30 ಇರಬೇಕು. ನಿಮ್ಮಲ್ಲಿ ನಿಧಾನವಾಗಿದ್ದರೆ ಬಹುಶಃ ಹಿಂದಿನ ಮಳೆಗೆ ಮೇಲಿನ ಪದರ ಹಪ್ಪಳದ ಹಾಗೆ ಗಟ್ಟಿಯಾಗಿ ಕೂತಿದೆ. ಪಕ್ಕದಲ್ಲೇ ಒಂದು ಕಡೆ ಕುಂಟೆ ಹೊಡೆದು, ಆ ಪದರ ಒಡೆದು ಅಳೆಯಿರಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ತೊಂದರೆ ಡಬ್ಬಿಯದು. ಒಂದೇ ಡಬ್ಬಿ ಇದ್ದರೆ ನೀರು ಕೆಳಗೆ ಮಾತ್ರ ಹೋಗದೆ ಪಕ್ಕಕ್ಕೂ ಹರಡುತ್ತದೆ, ಲೆಕ್ಕ ಏರಿಬಿಡುತ್ತದೆ. ಅದಕ್ಕೇ ನೀರು ಇಂಗುವ ವೇಗ ಅಳೆಯುವ ಡಬಲ್ ರಿಂಗ್ ಇನ್‌ಫಿಲ್ಟ್ರೋಮೀಟರ್ ಎಂಬ ಸಾಧನದಲ್ಲಿ ಒಳಗೆ 30 ಸೆಂಟಿಮೀಟರ್, ಹೊರಗೆ 60 ಸೆಂಟಿಮೀಟರ್ ಅಗಲದ ಎರಡು ಬಳೆ ಇರುತ್ತವೆ. ಹೊರಗಿನ ನೀರು ಪಕ್ಕಕ್ಕೆ ಹರಡಲಿ, ಒಳಗಿನದು ನೆಟ್ಟಗೆ ಇಳಿಯಲಿ ಅಂತ. ಅಳೆಯುವುದು ಒಳಗಿನದನ್ನು ಮಾತ್ರ. ಹೊರಗಿನ ಬಳೆಗೆ 200 ಲೀಟರಿನ ಹಳೇ ಡ್ರಮ್ ಕತ್ತರಿಸಿದರೆ ಸಾಕು. ಮೇಲೆ ಹಲಗೆ ಇಟ್ಟು ಸುತ್ತಿಗೆಯಿಂದ ಸಮನಾಗಿ ಹೊಡೆದು 10-15 ಸೆಂಟಿಮೀಟರ್ ಇಳಿಸಿ. ಒಳಗೆ ಗೋಣಿಚೀಲದ ತುಂಡು ಹಾಸಿ ಅದರ ಮೇಲೆ ನೀರು ಸುರಿಯಿರಿ. ಇಲ್ಲದಿದ್ದರೆ ನೀರಿನ ಹೊಡೆತಕ್ಕೆ ಮಣ್ಣು ಕದಡಿ ಸಣ್ಣ ರಂಧ್ರಗಳು ಮುಚ್ಚುತ್ತವೆ.

ಎರಡು ಬಳೆಯಲ್ಲೂ ನೀರಿನ ಮಟ್ಟ ಒಂದೇ ಇರಲಿ, ಇಳಿದಂತೆ ತುಂಬಿಸುತ್ತಾ ಇರಿ. ಮೊದಮೊದಲು 5 ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ಸ್ಕೇಲ್ ಹಿಡಿದು ಬರೆದುಕೊಳ್ಳಿ. ಒಂದಾದ ಮೇಲೊಂದು ಮೂರು ಸಲ ಅಷ್ಟೇ ಇಳಿದರೆ ಅದೇ ನಿಮ್ಮ ಹೊಲದ ನಿಜವಾದ ಅಳತೆ. ಎರೆಯಲ್ಲಿ ಇದಕ್ಕೆ ಮೂರು-ನಾಲ್ಕು ಗಂಟೆ ಬೇಕಾಗಬಹುದು, ಬುತ್ತಿ ಕಟ್ಟಿಕೊಂಡೇ ಹೋಗಿ.

ಈ ಅಂಕಿ ಯಾಕೆ ಮುಖ್ಯ ಅಂದರೆ, ಗಂಟೆಗೆ 4 ಮಿಲಿಮೀಟರ್ ಇಂಗುವ ನೆಲದ ಮೇಲೆ ಗಂಟೆಗೆ 20 ಮಿಲಿಮೀಟರ್ ಮಳೆ ಸುರಿದರೆ 16 ಮಿಲಿಮೀಟರ್ ಮೇಲೇ ಉಳಿಯುತ್ತದೆ. ಎಕರೆಗೆ ಒಂದು ಮಿಲಿಮೀಟರ್ ಅಂದರೆ ಸುಮಾರು 4 ಸಾವಿರ ಲೀಟರ್, ಅಲ್ಲಿಗೆ 64 ಸಾವಿರ ಲೀಟರ್ ಆಯಿತು! ಬದು ಎಲ್ಲಿ ಹಾಕಬೇಕು, ಕೃಷಿ ಹೊಂಡ ಎಷ್ಟು ದೊಡ್ಡದಿರಬೇಕು ಅನ್ನೋದು ಇದರಿಂದಲೇ ತಿಳಿಯೋದು.

ಎರೆ ಕಡೆ ಈ ಸಲ ಹಿಂಗಾರಿ ಜೋಳ ಬಿತ್ತುವ ಮುಂಚೆ, ಬಿರುಕು ಮುಚ್ಚಿದ ಮೇಲೆ, ಮೂರು ಜಾಗದಲ್ಲಿ ಅಳೆದು ನೋಡಿ. ಬಂದ ಲೆಕ್ಕ ನಮಗೂ ಬರೆದು ಕಳಿಸಿ.