ಹೊಸ ಸಿಸ್ಟರ್ ಕೈಗೆ ವಾರ್ಡು ಕೊಡುವ ಮುನ್ನ

ಈ ಸಲದ ಪ್ರಶ್ನೋತ್ತರ ಆಸ್ಪತ್ರೆಗಳ ಸಿಸ್ಟರ್‌ಗಳಿಗೆ ಮೀಸಲು. ಹೊಸಬರನ್ನು ಪಳಗಿಸುವ ಬಗ್ಗೆಯೇ ಹೆಚ್ಚು ಪತ್ರಗಳು ಬಂದಿವೆ. ಶುಶ್ರೂಷಾ ವಿಭಾಗದ ನಮ್ಮ ಸಲಹೆಗಾರರು ಉತ್ತರಿಸಿದ್ದಾರೆ.

ಮೆಡಿಸಿನ್ ವಾರ್ಡಿಗೆ ಈಗಷ್ಟೇ ಇನ್‌ಚಾರ್ಜ್ ಆಗಿದ್ದೇನೆ. ಒಟ್ಟಿಗೇ ಮೂವರು ಹೊಸಬರು ಬಂದಿದ್ದಾರೆ. ಇಬ್ಬರು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಒಬ್ಬರು ಬಿಎಸ್ಸಿ ನರ್ಸಿಂಗ್. ಎಷ್ಟು ದಿನ ಜೊತೆಗಿಟ್ಟುಕೊಳ್ಳಬೇಕು? ಯಾವಾಗ ಒಬ್ಬರನ್ನೇ ಬಿಡಬಹುದು?
– ದಾವಣಗೆರೆ

ದಿನ ಎಣಿಸಬೇಡಿ, ಕೆಲಸ ಎಣಿಸಿ. ನರಕ್ಕೆ ಕ್ಯಾನುಲಾ ಹಾಕುವುದು, ಔಷಧಿ ಕೊಡುವುದು, ರಕ್ತ ಏರಿಸುವುದು, ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕ್ಯಾಥೆಟರ್, ಕಫ ಎಳೆಯುವ ಸಕ್ಷನ್ ಹೀಗೆ ನಿಮ್ಮ ವಾರ್ಡಿನ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾರೂ ಎಚ್ಚರಿಸದೆ ಮೂರು ಸಲ ಸರಿಯಾಗಿ ಮಾಡಿ, ಯಾಕೆ ಹಾಗೆ ಮಾಡಿದ್ದು ಎಂದೂ ಹೇಳಿದ ಮೇಲೆ ಮಾತ್ರ ಆ ಕೆಲಸದ ಮುಂದೆ ಸಹಿ ಹಾಕಿ. ಜಿಎನ್‌ಎಂ, ಬಿಎಸ್ಸಿ ಎಂಬ ಭೇದ ಬೇಡ, ಹಾಳೆ ಎಲ್ಲರಿಗೂ ಒಂದೇ.

ಒಬ್ಬ ಹೊಸಬಳಿಗೆ ಒಬ್ಬರೇ ಹಿರಿಯರು, ಕನಿಷ್ಠ ನಾಲ್ಕು ವಾರ. ಡ್ಯೂಟಿ ಪಟ್ಟಿ ಬರೆಯುವಾಗಲೇ ಇಬ್ಬರಿಗೂ ಒಂದೇ ಶಿಫ್ಟ್ ಹಾಕಿ. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು ಎಂದಾದರೆ ಹುಡುಗಿ ಕೆಲಸ ಕಲಿಯುವುದಿಲ್ಲ, ಯಾವ ಮೇಡಂಗೆ ಯಾವ ರೀತಿ ಇಷ್ಟ ಎಂಬುದನ್ನು ಕಲಿಯುತ್ತಾಳೆ.

ಮೊದಲ ವಾರ ಬಿಪಿ, ಪಲ್ಸ್, ಉಸಿರು, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಅಷ್ಟೇ ಸಾಕು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಲಿ. ರೋಗಿಯ ಮಣಿಕಟ್ಟು ಹಿಡಿದು ಪಲ್ಸ್ ನೋಡುವವಳಂತೆ ನಿಂತು ಎಣಿಸಬೇಕು, ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ರೋಗಿಯ ಉಸಿರಾಟವೇ ಬದಲಾಗುತ್ತದೆ. ಚಾರ್ಟಿನಲ್ಲಿ ಇಡೀ ವಾರ್ಡಿಗೆ 20, 20, 20 ಎಂದಿದ್ದರೆ ಯಾರೂ ಎಣಿಸಿಲ್ಲ ಎಂದೇ ಅರ್ಥ. ರೋಗಿ ಕೆಡುತ್ತಿರುವುದು ಬಹಳ ಸಲ ಮೊದಲು ತೋರುವುದು ಉಸಿರಿನಲ್ಲೇ.

ಎರಡನೇ ವಾರ ಔಷಧಿ ಟ್ರಾಲಿ. ಹಿರಿಯರು ಪಕ್ಕದಲ್ಲೇ ಕೈಕಟ್ಟಿ ನಿಲ್ಲಲಿ, ಹುಡುಗಿ ತಡವರಿಸಿದ ಕೂಡಲೇ ಸಿರಿಂಜ್ ಕಸಿದುಕೊಳ್ಳಬಾರದು. ಎರಡು ಔಷಧಿಗಳಲ್ಲಿ ಮಾತ್ರ ಪ್ರತಿ ಸಲವೂ ಇಬ್ಬರೂ ನೋಡಲೇಬೇಕು. ಒಂದು ಇನ್ಸುಲಿನ್. ನಮ್ಮಲ್ಲಿ ಹೆಚ್ಚಾಗಿ ಸಿಗುವ ವಯಲ್‌ನಲ್ಲಿ ಮಿಲಿಲೀಟರಿಗೆ 40 ಯೂನಿಟ್, ಅದರ ಸಿರಿಂಜಿಗೆ ಕೆಂಪು ಮುಚ್ಚಳ. 100 ಯೂನಿಟ್‌ನ ಸಿರಿಂಜಿಗೆ ಕಿತ್ತಳೆ ಮುಚ್ಚಳ. 40ರ ವಯಲ್‌ನಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 8 ಯೂನಿಟ್ ಮಾತ್ರ. ಅದಲುಬದಲಾಗಿ 100ರ ವಯಲ್‌ಗೆ ಕೆಂಪು ಸಿರಿಂಜ್ ಬಳಸಿದರೆ ಅದೇ 20ರ ಗೆರೆಗೆ 50 ಯೂನಿಟ್ ಹೋಗುತ್ತದೆ. ಬೆಳಗಾಗುವುದರೊಳಗೆ ಶುಗರ್ ಇಳಿದು ರೋಗಿ ಎಚ್ಚರ ತಪ್ಪಿರುತ್ತಾರೆ.

ಇನ್ನೊಂದು ಪೊಟ್ಯಾಸಿಯಂ ಕ್ಲೋರೈಡ್. ಶೇ. 15ರ 10 ಮಿ.ಲೀ. ಆಂಪ್ಯೂಲ್‌ನಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತದೆ. ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಡಿಸ್ಟಿಲ್ಡ್ ವಾಟರ್ ಆಂಪ್ಯೂಲಿನ ಪಕ್ಕ ಅದನ್ನು ಇಡಲೇಬೇಡಿ, ಬೇರೆ ಡಬ್ಬಿ, ಬೇರೆ ಕಪಾಟು ಇರಲಿ. ಡ್ರಿಪ್ ಬಾಟಲಿಗೆ ಸೇರಿಸಿದ ಮೇಲೆ ಬಾಟಲಿಯನ್ನು ಹಲವು ಸಲ ತಲೆಕೆಳಗು ಮಾಡಿ ಬೆರೆಸಬೇಕು. ಹೊಸಬರು ಮರೆಯುವುದು ಇದನ್ನೇ. ನೇತುಹಾಕಿದ ಬಾಟಲಿಗೆ ಹಾಗೇ ಚುಚ್ಚಿಬಿಟ್ಟರೆ ಔಷಧಿ ತಳದಲ್ಲಿ ನಿಂತು, ಮೊದಲ ಹನಿಗಳಲ್ಲೇ ಗಾಢವಾಗಿ ರೋಗಿಯ ಮೈಗೆ ಹೋಗುತ್ತದೆ.

ಡ್ರಿಪ್ ಲೆಕ್ಕವನ್ನೂ ಬಾಯಿಬಿಟ್ಟು ಹೇಳಿಸಿ. ಸಾಮಾನ್ಯ ಸೆಟ್‌ನಲ್ಲಿ 20 ಹನಿಗೆ 1 ಮಿ.ಲೀ. ಎಂದಿದ್ದರೆ, 500 ಮಿ.ಲೀ. ನಾಲ್ಕು ಗಂಟೆಯಲ್ಲಿ ಹೋಗಲು ನಿಮಿಷಕ್ಕೆ ಸುಮಾರು 42 ಹನಿ.

ಮೂರನೇ ವಾರ ಮೂರು ನಾಲ್ಕು ರೋಗಿಗಳ ಪೂರ್ತಿ ಹೊಣೆ, ನಾಲ್ಕನೇ ವಾರ ಹಿರಿಯರ ಜೊತೆಗೆ ರಾತ್ರಿ ಪಾಳಿ. ಒಬ್ಬರನ್ನೇ ಬಿಡುವ ಮುನ್ನ ಒಂದೊಂದು ಬೆಡ್ ತೋರಿಸಿ ಕೇಳಿ: “ಈ ರೋಗಿಯಲ್ಲಿ ಏನು ಕಂಡರೆ ಡಾಕ್ಟರಿಗೆ ಫೋನ್ ಮಾಡ್ತೀಯ?” ಉತ್ತರ ತಕ್ಷಣ ಬಾರದಿದ್ದರೆ ಇನ್ನೂ ಒಂದು ವಾರ ಜೊತೆಗಿರಲಿ.

ಕೆಲಸಕ್ಕೆ ಸೇರಿ ಆರು ತಿಂಗಳು. ರಾತ್ರಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಲು ಭಯ. “ಇಷ್ಟಕ್ಕೆಲ್ಲ ಎಬ್ಬಿಸ್ತೀರಾ?” ಅಂತಾರೆ. ಏನು ಮಾಡಲಿ?
– ಹಾಸನ

“ಸರ್, 14ನೇ ಬೆಡ್ ಪೇಷಂಟ್‌ಗೆ ಯಾಕೋ ಸರಿ ಇಲ್ಲ” ಎಂದು ಶುರು ಮಾಡಿದರೆ ನಿದ್ದೆಗಣ್ಣಿನಲ್ಲಿರುವ ಯಾರೇ ಆದರೂ ರೇಗುತ್ತಾರೆ. ಎಸ್‌ಬಿಎಆರ್ ಎಂಬ ಕ್ರಮವೊಂದಿದೆ: ಈಗ ಏನಾಗಿದೆ, ಹಿನ್ನೆಲೆ ಏನು, ನೀವು ಕಂಡದ್ದೇನು, ನಿಮಗೆ ಬೇಕಾದ್ದೇನು. ಫೋನ್ ಎತ್ತುವ ಮೊದಲು ಕೇಸ್ ಶೀಟ್, ಚಾರ್ಟ್ ಎರಡೂ ಕೈಯಲ್ಲಿರಲಿ. ಆಮೇಲೆ ಹೀಗೆ ಹೇಳಿ:

“ಸರ್, ಮೇಲ್ ಮೆಡಿಕಲ್ ವಾರ್ಡ್, 14ನೇ ಬೆಡ್. ಒಂದು ಗಂಟೆಯಿಂದ ಉಸಿರಾಟ ಜಾಸ್ತಿಯಾಗಿದೆ. 62 ವರ್ಷ, ನ್ಯುಮೋನಿಯಾ, ನಿನ್ನೆ ಅಡ್ಮಿಟ್. ಉಸಿರು 20 ಇದ್ದದ್ದು ಈಗ 32, ನಾಲ್ಕು ಲೀಟರ್ ಆಕ್ಸಿಜನ್ ಕೊಟ್ಟರೂ ಸ್ಯಾಚುರೇಶನ್ 88, ಪಲ್ಸ್ 124, ಬಿಪಿ 94/60. ಎತ್ತರಕ್ಕೆ ಕೂರಿಸಿದ್ದೇನೆ. ನೀವು ಈಗಲೇ ಬಂದು ನೋಡಬೇಕು. ಬರುವಷ್ಟರಲ್ಲಿ ಎಬಿಜಿ ರಕ್ತಪರೀಕ್ಷೆಗೆ ರೆಡಿ ಮಾಡಲಾ?”

ಅರ್ಧ ನಿಮಿಷದ ಮಾತು. “ಬಂದು ನೋಡಬೇಕು” ಎಂಬುದನ್ನು ನುಂಗಬೇಡಿ. ಫೋನಿನಲ್ಲೇ ಆರ್ಡರ್ ಕೊಟ್ಟರೆ ಬರೆದುಕೊಂಡು ತಿರುಗಿ ಓದಿ ಹೇಳಿ. ಫಿಫ್ಟೀನ್, ಫಿಫ್ಟಿ ಎರಡೂ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ, ಹಾಗಾಗಿ “ಒನ್ ಫೈವ್ ತಾನೇ ಸರ್?” ಎಂದು ಕೇಳಿ. ಫೋನ್ ಮಾಡಿದ ಸಮಯ, ಸಿಕ್ಕ ಉತ್ತರ ಎರಡನ್ನೂ ಕೇಸ್ ಶೀಟಿನಲ್ಲಿ ಬರೆಯಿರಿ. ಹತ್ತು ನಿಮಿಷದಲ್ಲಿ ಯಾರೂ ಬಾರದಿದ್ದರೆ ಮತ್ತೆ ಮಾಡಿ, ಆಗಲೂ ಇಲ್ಲವಾದರೆ ಅವರ ಮೇಲಿನವರಿಗೆ. ಯಾರ ನಂತರ ಯಾರಿಗೆ ಎಂಬ ಪಟ್ಟಿಯನ್ನು ಫೋನಿನ ಪಕ್ಕದ ಗೋಡೆಗೆ ಅಂಟಿಸಬೇಕಾದ್ದು ನಿಮ್ಮ ಇನ್‌ಚಾರ್ಜ್ ಅವರ ಕೆಲಸ. ಅವರು ಅಂಟಿಸಿಲ್ಲವಾದರೆ ಈ ಪುಟ ತೋರಿಸಿ!

ನಮ್ಮ ಜೂನಿಯರ್ ಒಬ್ಬಳು ಒಬ್ಬರ ಆಂಟಿಬಯಾಟಿಕ್ ಇಂಜೆಕ್ಷನ್ನನ್ನು ಇನ್ನೊಬ್ಬರಿಗೆ ಕೊಟ್ಟಳು. ರೋಗಿಗೆ ಏನೂ ಆಗಲಿಲ್ಲ. ಅವಳು ಅಳುತ್ತ ನನ್ನ ಹತ್ತಿರ ಮಾತ್ರ ಹೇಳಿದಳು. ಮೇಲಿನವರಿಗೆ ತಿಳಿಸಲೇಬೇಕೆ?
– ಹೆಸರು, ಊರು ಬೇಡ

ತಿಳಿಸಲೇಬೇಕು. ಅವಳ ಜೊತೆ ನೀವೂ ಹೋಗಿ. ಆದರೆ ಇಂಥದ್ದು ನಡೆದಾಗ ಮೊದಲು ರೋಗಿ, ಆಮೇಲೆ ಉಳಿದದ್ದು. ಡಾಕ್ಟರಿಗೆ ತಿಳಿಸಿ, ಹಿಂದೆ ಆ ಔಷಧಿಯ ಅಲರ್ಜಿ ಇತ್ತೇ ಎಂದು ನೋಡಿ, ಮೊದಲ ಅರ್ಧ ಗಂಟೆ ಹಾಸಿಗೆ ಬಿಟ್ಟು ಕದಲಬೇಡಿ. ಎಮರ್ಜೆನ್ಸಿ ಟ್ರೇ ಪಕ್ಕದಲ್ಲಿರಲಿ. ದದ್ದು, ಗಂಟಲು ಬಿಗಿತ, ಬಿಪಿ ಕುಸಿತದಂತಹ ತೀವ್ರ ಅಲರ್ಜಿ ಕಂಡರೆ ದೊಡ್ಡವರಿಗೆ ಅಡ್ರಿನಲಿನ್ 0.5 ಮಿ.ಗ್ರಾಂ ತೊಡೆಯ ಹೊರಭಾಗದ ಸ್ನಾಯುವಿಗೆ. ಔಷಧಿ ತಪ್ಪಿಹೋದ ಇನ್ನೊಬ್ಬ ರೋಗಿಗೆ ಡೋಸ್ ಕೊಡುವುದನ್ನು ಗಡಿಬಿಡಿಯಲ್ಲಿ ಎಲ್ಲರೂ ಮರೆಯುತ್ತಾರೆ. ಕೊಟ್ಟದ್ದನ್ನು ಕೊಟ್ಟ ಹಾಗೇ ಕೇಸ್ ಶೀಟಿನಲ್ಲಿ ಬರೆಯಿರಿ, ಹೊಡೆದುಹಾಕಿ ತಿದ್ದಬೇಡಿ.

ಆಮೇಲೆ “ಯಾಕೆ ಹೀಗೆ ಮಾಡಿದೆ?” ಎಂದು ಕೇಳಬೇಡಿ, “ಹೇಗಾಯಿತು?” ಎಂದು ಕೇಳಿ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಬೆಳಗ್ಗೆ ಬೆಡ್ ಬದಲಾಗಿತ್ತು, ಎಲ್ಲರ ಇಂಜೆಕ್ಷನ್ನನ್ನೂ ಒಟ್ಟಿಗೇ ತುಂಬಿ ಲೇಬಲ್ ಇಲ್ಲದೆ ಟ್ರೇಯಲ್ಲಿ ಇಟ್ಟಿದ್ದರು, ಇಲ್ಲವೇ ಹೆಸರು ಕೇಳಿದ ರೀತಿ ತಪ್ಪು. ಒಂದೇ ವಾರ್ಡಿನಲ್ಲಿ ಇಬ್ಬರು ಮಂಜುನಾಥ, ಮೂವರು ಲಕ್ಷ್ಮಮ್ಮ ಇರುವುದು ನಮ್ಮಲ್ಲಿ ಹೊಸದೇನಲ್ಲ. “ಲಕ್ಷ್ಮಮ್ಮ ಅಲ್ವಾ?” ಎಂದರೆ ಕಿವಿ ಕೇಳದ ಅಜ್ಜಿ ಕೂಡ ಹೂಂ ಅನ್ನುತ್ತಾರೆ. “ನಿಮ್ಮ ಹೆಸರೇನಮ್ಮ?” ಎಂದು ಕೇಳಿ, ಕೈಪಟ್ಟಿಯ ಐಪಿ (ಒಳರೋಗಿ) ನಂಬರ್ ಜೊತೆ ತಾಳೆ ನೋಡಬೇಕು. ಒಬ್ಬರ ಔಷಧಿ ತುಂಬಿ, ಕೊಟ್ಟು, ಸಹಿ ಹಾಕಿದ ಮೇಲೆ ಇನ್ನೊಬ್ಬರದು.

ರೋಗಿಯ ಮನೆಯವರೆದುರು ಅವಳಿಗೆ ಬೈದರೆ ಮುಂದಿನ ತಪ್ಪು ನಿಮ್ಮ ಕಿವಿಗೇ ಬೀಳುವುದಿಲ್ಲ.

ನಾನು ಇನ್‌ಚಾರ್ಜ್, ಆದರೆ ನನಗಿಂತ ಹತ್ತು ವರ್ಷ ಹೆಚ್ಚು ಸರ್ವಿಸ್ ಆದ ಸಿಸ್ಟರ್ ಒಬ್ಬರಿದ್ದಾರೆ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕುತ್ತಾರೆ, ಹೊಸಬರೂ ಅದನ್ನೇ ನೋಡಿ ಕಲಿಯುತ್ತಿದ್ದಾರೆ. ಹೇಗೆ ಹೇಳಲಿ?
– ಕಲಬುರಗಿ

ಹೇಳುವ ಮುನ್ನ ಸೂಜಿ ಹಾಕುವ ಬಿಳಿ ಡಬ್ಬಿ ಎಲ್ಲಿದೆ ನೋಡಿ. ನರ್ಸಿಂಗ್ ಸ್ಟೇಷನ್ನಿನಲ್ಲಿದ್ದರೆ, ಬೆಡ್‌ನಿಂದ ಅಲ್ಲಿಯವರೆಗೆ ಬರಿ ಸೂಜಿ ಹಿಡಿದು ನಡೆಯುವುದಕ್ಕಿಂತ ಕ್ಯಾಪ್ ಹಾಕುವುದೇ ಮೇಲು ಎಂದು ಅವರಿಗೆ ಅನ್ನಿಸಿರಬೇಕು. ಡಬ್ಬಿಯನ್ನು ಟ್ರಾಲಿಗೆ ಕಟ್ಟಿಸಿ, ಮುಕ್ಕಾಲು ತುಂಬಿದಾಗ ಬದಲಿಸಿ. ಆಮೇಲೂ ಮುಂದುವರಿದರೆ ಒಬ್ಬರೇ ಇರುವಾಗ ಹೇಳಿ: “ಅಕ್ಕ, ಹುಡುಗಿಯರು ನಿಮ್ಮನ್ನೇ ನೋಡ್ತಾರೆ.” ನರ ಸಿಗದ ರೋಗಿಗೆ ಕ್ಯಾನುಲಾ ಹಾಕುವುದನ್ನು ಹೊಸಬರಿಗೆ ಕಲಿಸುವ ಕೆಲಸವನ್ನು ಎಲ್ಲರೆದುರೇ ಅವರಿಗೆ ವಹಿಸಿ.

ಕ್ಯಾಪ್ ಹಾಕುವಾಗ ಸೂಜಿ ಚುಚ್ಚಿಕೊಂಡರೆ ಬೆರಳು ಹಿಂಡಬಾರದು, ಸೋಪು ನೀರಿನಲ್ಲಿ ತೊಳೆಯಬೇಕು. ಎಚ್‌ಐವಿ ತಡೆ ಔಷಧಿ ಬೇಕೆಂದಾದರೆ ಆದಷ್ಟು ಬೇಗ, ಎರಡು ಗಂಟೆಯೊಳಗಾದರೆ ಒಳ್ಳೆಯದು, 72 ಗಂಟೆ ಮೀರಬಾರದು. ಕೋರ್ಸ್ 28 ದಿನ.

ಡ್ಯೂಟಿ ಪಟ್ಟಿ ಹಾಕಿದರೆ ಪ್ರತಿ ತಿಂಗಳೂ ಜಗಳ.
– ಬೆಳಗಾವಿ

ಜಗಳ ಪೂರ್ತಿ ನಿಲ್ಲುವುದಿಲ್ಲ. ಪಟ್ಟಿ ಹಾಕುವ ಹತ್ತು ದಿನ ಮೊದಲು ರಜೆ ಕೋರಿಕೆ ಬರೆಯಲು ಒಂದು ಪುಸ್ತಕ ಇಡಿ. ಹಬ್ಬದ ರಜೆ ಹೋದ ವರ್ಷ ಯಾರಿಗೆ ಸಿಕ್ಕಿತ್ತು ಎಂಬುದೂ ಅದರಲ್ಲೇ ಇರಲಿ. ಒಂದೇ ರಾತ್ರಿಗೆ ಇಬ್ಬರು ಹೊಸಬರನ್ನು ಹಾಕಬೇಡಿ. ರಾತ್ರಿ 8ಕ್ಕೆ ಬಿಟ್ಟವರಿಗೆ ಮರುದಿನ ಬೆಳಗ್ಗೆ 8ರ ಪಾಳಿ ಬೇಡ. ನಿಮ್ಮ ಹೆಸರಿನ ಮುಂದೆಯೂ ತಿಂಗಳಿಗೆ ಒಂದೆರಡು ರಾತ್ರಿ ಪಾಳಿ ಇರಲಿ.