ಅತ್ತೆಗೆ ಮೊದಲು ಬಸ್ಸು, ಆಮೇಲೆ ಇಂಗ್ಲಿಷು

ಚೀನಾದ ಗುವಾಂಗ್‌ಝೌನಿಂದ ಬಂದ ಎಪ್ಪತ್ತು ದಾಟಿದ ನಿಮ್ಮ ಅತ್ತೆ (ಗಂಡನ ತಾಯಿ) ಕೆನಡಾದ ವ್ಯಾಂಕೂವರ್ ಪಕ್ಕದ ರಿಚ್ಮಂಡ್‌ನ ಮನೆಯಲ್ಲಿ ದಿನವಿಡೀ ಕಿಟಕಿ ಪಕ್ಕ ಕೂತಿರುತ್ತಾರೆ, ಇಂಗ್ಲಿಷ್ ಕ್ಲಾಸಿಗೆ ಸೇರಿಸಲೇ ಅಂತ ಕೇಳಿದ್ದೀರಿ. ನೀವೂ ಕೆನಡಾಕ್ಕೆ ಹೊಸಬರು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಕ್ಲಾಸು ಕಾಯಲಿ. ರಿಚ್ಮಂಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಚೀನೀ ಮೂಲದವರು. ತರಕಾರಿಯಿಂದ ಔಷಧದವರೆಗೆ ಅತ್ತೆಯ ಭಾಷೆ ಕ್ಯಾಂಟನೀಸ್‌ನಲ್ಲೇ ಸಾಗುತ್ತದೆ. ಮಗನಿಗೆ ರಜೆ ಇದ್ದ ದಿನ ಮಾತ್ರ ಹೊಸ್ತಿಲು ದಾಟಬೇಕು ಅನ್ನುವುದೇ ಅವರನ್ನು ಕುಗ್ಗಿಸುವುದು.

65 ತುಂಬಿದವರಿಗೆ ಬಸ್ಸು-ರೈಲಿನ ದರ ಕೊಡುವ ಕಾಂಪಾಸ್ ಕಾರ್ಡ್ ರಿಯಾಯಿತಿಯಲ್ಲಿ ಇದೆ: ನೀಲಿಯದಲ್ಲ, ಕಿತ್ತಳೆ ಬಣ್ಣದ್ದು. ವಯಸ್ಸಿನ ದಾಖಲೆ ಜೊತೆಗಿರಲಿ. ಬಸ್ಸಿಗೆ ಹತ್ತುವಾಗ ಮಾತ್ರ ತಾಗಿಸಬೇಕು. ರೈಲಿನಲ್ಲಿ ಇಳಿದು ಹೊರಬರುವಾಗಲೂ. ಅದು ಮರೆತರೆ ಮೂರು ವಲಯದ ಪೂರ್ತಿ ದರ ಕಡಿತವಾಗುತ್ತದೆ. ಒಂದೇ ಜಾಗ ಆರಿಸಿ, ಮಿನೋರು ಪಾರ್ಕ್ ಅನ್ನಿ. ಅಲ್ಲಿ ಹಿರಿಯರ ಕೇಂದ್ರವೂ ಇದೆ. ಮೂರು ಸಲ ಜೊತೆಗೆ ಹೋಗಿ, ನಾಲ್ಕನೇ ಸಲ ಅವರು ಮುಂದೆ, ನೀವು ಹತ್ತು ಹೆಜ್ಜೆ ಹಿಂದೆ. ದಾರಿ ತಪ್ಪುವುದು ಸಾಮಾನ್ಯವಾಗಿ ವಾಪಸು ಬರುವಾಗ, ಎದುರು ಬದಿಯ ಸ್ಟಾಪ್ ಹುಡುಕಲಾಗದೆ. ಆ ಸ್ಟಾಪಿನ ಹಿಂದಿನ ಕಟ್ಟಡದ ಫೋಟೊ ಅವರ ಫೋನಿನಲ್ಲಿರಲಿ. (ವಾಹನಗಳು ಬಲಗಡೆ ಓಡುವುದು ಅವರಿಗೆ ಹೊಸದಲ್ಲ. ಗಲಿಬಿಲಿಯಾಗುವುದು ನಿಮಗೆ.)

ಅಡುಗೆಮನೆಯಲ್ಲಿ ಗಾಜಿನ ಕರೆಂಟ್ ಒಲೆ ಇದ್ದರೆ ದುಂಡು ತಳದ ವೊಕ್ (ಚೀನೀ ಬಾಣಲೆ) ಕಾಯುವುದಿಲ್ಲ, ರೂಪಾಯಿಯಗಲ ಮಾತ್ರ ತಾಗುತ್ತದೆ. ಚಪ್ಪಟೆ ತಳದ್ದು ಕೊಡಿಸಿ. ಎಣ್ಣೆ ಹಾಕುವ ಮೊದಲೇ ಫ್ಯಾನ್ ಹಾಕಿ ಕಿಟಕಿ ತೆರೆಯಲಿ. ಹೊಗೆ ಅಲಾರಂ ಕಿರುಚಿದರೂ ಕಾರಿಡಾರಿನ ಬಾಗಿಲು ಮಾತ್ರ ತೆಗೆಯಬೇಡಿ. ಇಡೀ ಕಟ್ಟಡದ ಅಲಾರಂ ಹೊಡೆದುಕೊಂಡೀತು.

ಅತ್ತೆಯ ವೀಸಾ ಯಾವುದು ಅಂತ ನೀವು ಬರೆದಿಲ್ಲ. ಸೂಪರ್ ವೀಸಾ (ತಂದೆತಾಯಿ ಮಕ್ಕಳ ಜೊತೆ ದೀರ್ಘಕಾಲ ಇರಲು ಕೊಡುವ ಭೇಟಿಯ ವೀಸಾ) ಆದರೆ ಸರ್ಕಾರಿ ಆರೋಗ್ಯ ವಿಮೆ ಸಿಗದು, ಕನಿಷ್ಠ 1 ಲಕ್ಷ ಡಾಲರಿನ ಖಾಸಗಿ ವಿಮೆಯೇ ಗತಿ. ಬಿಪಿ ಮಾತ್ರೆ ಇತ್ತೀಚೆಗೆ ಬದಲಾಗಿದ್ದನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಕ್ಲೇಮ್ ಕೈಗೆ ಬರುವುದಿಲ್ಲ. ಪಿಆರ್ (ಕಾಯಂ ನಿವಾಸಿ) ಆದರೆ ಎಂಎಸ್‌ಪಿ ಎಂಬ ಆ ಸರ್ಕಾರಿ ವಿಮೆ ಸಿಗುತ್ತದೆ, ಆದರೆ ಬಂದ ತಿಂಗಳ ಉಳಿದ ದಿನ ಮತ್ತು ಇನ್ನೆರಡು ತಿಂಗಳು ಕಾಯಬೇಕು. ಮಾರ್ಚ್ 5ಕ್ಕೆ ಬಂದವರಿಗೆ ಜೂನ್ 1ರಿಂದ. ನಡುರಾತ್ರಿ ಜ್ವರ ಬಂದರೆ ಆರೋಗ್ಯ ಸಹಾಯವಾಣಿ 811ಕ್ಕೆ ಕರೆ ಮಾಡಿ 'ಕ್ಯಾಂಟನೀಸ್' ಅನ್ನಲು ಹೇಳಿಕೊಡಿ, ದುಭಾಷಿ ಸೇರಿಕೊಳ್ಳುತ್ತಾರೆ. 'ಚೈನೀಸ್' ಅಂದರೆ ಚೀನಾದ ಇನ್ನೊಂದು ಭಾಷೆ ಮ್ಯಾಂಡರಿನ್‌ನವರು ಬಂದಾರು. ಡಾಕ್ಟರ ಮುಂದೆ ಮೊಮ್ಮಗಳನ್ನು ದುಭಾಷಿ ಮಾಡಬೇಡಿ. ಮಗುವಿನೆದುರು ಅಜ್ಜಿ ಮೂತ್ರದ ತೊಂದರೆ ಬಾಯಿಬಿಡುವುದಿಲ್ಲ.

ಅವರ ಚೀನಾ ಸಿಮ್ ಅಗ್ಗದ ಪ್ಲ್ಯಾನಿನಲ್ಲಾದರೂ ಜೀವಂತವಿರಲಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು. ಪಿಂಚಣಿ ಇದ್ದರೆ, ನಮ್ಮಲ್ಲಿನ ಜೀವನ ಪ್ರಮಾಣದ ಹಾಗೆ, ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ತೋರಿಸಬೇಕು. ಚೀನಾ ದೂತಾವಾಸದ ಆ್ಯಪಿನಲ್ಲಿ ಮುಖ ತೋರಿಸಿ ಮುಗಿಸಬಹುದು.

ಕ್ಯಾಂಟನೀಸ್‌ನಲ್ಲಿ ಸೊಸೆ ಅತ್ತೆಯನ್ನು ಕರೆಯುವುದು 'ನಾಯ್‌ನಾಯ್' ಅಂತ. ನಮ್ಮ ಕಿವಿಗೆ ಹೇಗೇ ಕೇಳಿಸಲಿ, ಹಾಗೇ ಕರೆಯಿರಿ.

ಇನ್ನು ಇಂಗ್ಲಿಷು. ಪಿಆರ್ ಇದ್ದವರಿಗೆ ಸರ್ಕಾರ ನಡೆಸುವ ಲಿಂಕ್ ಎಂಬ ಇಂಗ್ಲಿಷ್ ತರಗತಿ ಉಚಿತ, ಸೂಪರ್ ವೀಸಾದವರಿಗೆ ಇಲ್ಲ. ಪೌರತ್ವಕ್ಕೂ 55 ತುಂಬಿದವರಿಗೆ ಭಾಷೆಯ ಪರೀಕ್ಷೆ ಇಲ್ಲ. ಅವರಾಗಿಯೇ ಕೇಳಿದ ದಿನ ಸೇರಿಸಿ.